ಒಂದೂ ಟ್ರೈ ಇಲ್ಲದೆ ಗೆದ್ದ ಡರ್ಬನ್ ಪಂದ್ಯ

1997ರ ಜೂನ್ 28, ಡರ್ಬನ್, ಮೂರು ರಗ್ಬಿ ಟೆಸ್ಟುಗಳ ಸರಣಿಯ ಎರಡನೆಯದು. ಟ್ರೈ ಅಂದರೆ ಎದುರಾಳಿಯ ಗೋಲು ಗೆರೆಯಾಚೆ ಚೆಂಡನ್ನು ನೆಲಕ್ಕೊತ್ತುವುದು. ದಕ್ಷಿಣ ಆಫ್ರಿಕಾ ಮೂರು ಟ್ರೈ, ಲಯನ್ಸ್ ಸೊನ್ನೆ. ಆದರೂ ಕೊನೆಗೆ ಲಯನ್ಸ್ 18, ದಕ್ಷಿಣ ಆಫ್ರಿಕಾ 15. ರಗ್ಬಿ ನೋಡದವರಿಗೆ ಇದು ಒಗಟು. ಕಬಡ್ಡಿ ನೋಡಿ ಬೆಳೆದ ಶಿವಮೊಗ್ಗದ ಕಡೆಯವರಿಗೆ ಅಷ್ಟೇನೂ ಅಲ್ಲ. ಎದುರು ತಂಡ ದೊಡ್ಡ ರೈಡ್ ಹೊಡೆದು ಕುಣಿಯುತ್ತಿರುವಾಗ ಬೋನಸ್ ಗೆರೆ ಮುಟ್ಟಿ ಮುಟ್ಟಿ ಒಂದೊಂದೇ ಅಂಕ ಕೂಡಿಸಿಕೊಳ್ಳುವ ತಂಡ ಪ್ರತಿ ಟೂರ್ನಮೆಂಟಿನಲ್ಲೂ ಒಂದಿರುತ್ತದೆ.

ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡ್ ಆಟಗಾರರನ್ನು ಸೇರಿಸಿ ಕಟ್ಟುವ ಪ್ರವಾಸಿ ತಂಡ ಲಯನ್ಸ್. ಎದುರಿಗಿದ್ದದ್ದು 1995ರ ವಿಶ್ವಕಪ್ ಗೆದ್ದವರು, ಅದೂ ಅವರದೇ ನೆಲದಲ್ಲಿ. ಲಯನ್ಸ್ ಗೆಲ್ಲುತ್ತಾರೆಂದು ನಂಬಿದವರು ಕಡಿಮೆ. ಮುಖ್ಯ ಭಯ ಸ್ಕ್ರಮ್‌ನದ್ದು.

ಸ್ಕ್ರಮ್ ಅಂದರೆ ಎಂಟು ಜನರ ವಿರುದ್ಧ ಎಂಟು ಜನ ತಳ್ಳುವುದು: ಮುಂದೆ ಮೂವರು, ಅವರ ಹಿಂದೆ ಇಬ್ಬರು ಲಾಕ್, ಪಕ್ಕಕ್ಕೆ ಇಬ್ಬರು ಫ್ಲ್ಯಾಂಕರ್, ತುದಿಗೆ ಎಂಟನೇ ನಂಬರಿನವನು. ಇದನ್ನು ಅರ್ಥ ಮಾಡಿಕೊಳ್ಳಲು ಮಳೆಗಾಲದಲ್ಲಿ ತೋಟದ ದಾರಿಯಲ್ಲಿ ಹೂತ ಜೀಪು ಸಾಕು. ನೆಟ್ಟಗೆ ನಿಂತು ತಳ್ಳುವವನ ಕಾಲು ಜಾರುತ್ತದೆಯೇ ಹೊರತು ಜೀಪು ಅಲ್ಲಾಡುವುದಿಲ್ಲ. ಮಂಡಿ ಬಗ್ಗಿಸಿ, ಬೆನ್ನು ಹಲಗೆಯಂತೆ ನೇರ ಇಟ್ಟು, ಭುಜ ಕೊಟ್ಟು ತಳ್ಳಿದವನ ಬಲವೆಲ್ಲ ತೊಡೆಯಿಂದ ಜೀಪಿಗೆ ಹೋಗುತ್ತದೆ. ಬೆನ್ನು ಗೂನಾದರೆ ಬಲ ಮೇಲಕ್ಕೆ ಸೋರುತ್ತದೆ. ಪಾದ ತೀರಾ ಹಿಂದೆ ಹೋಗಿ ಕಾಲು ನೀಟಿಕೊಂಡರೆ ತಳ್ಳಲು ಬಲ ಉಳಿಯುವುದಿಲ್ಲ, ಮುಖ ಅಡಿಯಾಗಿ ಬೀಳುವುದೊಂದೇ ಬಾಕಿ.

ಲಯನ್ಸ್ ಮಾಡಿದ್ದು ಇದನ್ನೇ. ಮುಂದಿನ ಸಾಲಿಗೆ ಟಾಮ್ ಸ್ಮಿತ್, ಕೀತ್ ವುಡ್, ಪಾಲ್ ವಾಲೇಸ್ ಅವರನ್ನು ಹಾಕಿದರು. ಸಾಲಿನ ಎರಡು ತುದಿಗೆ ನಿಲ್ಲುವ ಪ್ರಾಪ್‌ಗಳಾದ ಸ್ಮಿತ್, ವಾಲೇಸ್ ಇಬ್ಬರೂ ಗಾತ್ರದಲ್ಲಿ ಚಿಕ್ಕವರು. ವಾಲೇಸ್ ಮೊದಲ ಪಟ್ಟಿಯಲ್ಲೇ ಇರಲಿಲ್ಲ, ಬೇರೊಬ್ಬರ ಬದಲಿಗೆ ಬಂದವರು. ಅವರ ಎದುರು ಬೆಟ್ಟದಂತಹ ಓಸ್ ಡು ರಾಂಟ್. ಕೇಪ್‌ಟೌನ್‌ನ ಮೊದಲ ಟೆಸ್ಟಿನ ಆರಂಭದ ಸ್ಕ್ರಮ್‌ಗಳಲ್ಲಿ ಲಯನ್ಸ್ ಹಿಂದೆ ಸರಿದರು. ಆಮೇಲೆ ವಾಲೇಸ್ ಇನ್ನೂ ತಗ್ಗಿ ಡು ರಾಂಟ್ ಅವರ ಎದೆಯ ಕೆಳಗೆ ಹೊಕ್ಕರು. ಎತ್ತರದವನಿಗೆ ಅಷ್ಟು ಕೆಳಗೆ ಬಾಗುವುದೇ ಕಷ್ಟ. ಬಾಗಿದರೂ ಬೆನ್ನು ನೇರ ಉಳಿಯುವುದಿಲ್ಲ. ತೂಕ ಇದ್ದೂ ಇಲ್ಲದಂತಾಯಿತು. ಫಾರ್ವರ್ಡ್‌ಗಳ, ಅಂದರೆ ಸ್ಕ್ರಮ್‌ನ ಎಂಟು ಜನರ, ಕೋಚ್ ಜಿಮ್ ಟೆಲ್ಫರ್ ಹಟ ಹಿಡಿದು ತಿದ್ದಿದ್ದು ಈ ಎತ್ತರವನ್ನೇ. ನನ್ನ ಲೆಕ್ಕದಲ್ಲಿ ಸರಣಿ ಗೆದ್ದದ್ದು ಇಲ್ಲೇ, ಉಳಿದದ್ದೆಲ್ಲ ಇದರ ಮೇಲೆ ಕಟ್ಟಿದ್ದು.

ಕೇಪ್‌ಟೌನ್ ಪಂದ್ಯ ಲಯನ್ಸ್ ಗೆದ್ದದ್ದು 25–16ರಲ್ಲಿ. ಲಯನ್ಸ್ 15–16ರಲ್ಲಿ ಹಿಂದಿದ್ದಾಗ ಮ್ಯಾಟ್ ಡಾಸನ್ ಸ್ಕ್ರಮ್‌ನ ಹಿಂದಿನಿಂದ ಚೆಂಡೆತ್ತಿ ಬಲಕ್ಕೆ ಓಡಿ, ಒಂದೇ ಕೈಯಲ್ಲಿ ತಲೆಯ ಮೇಲಿಂದ ಒಳಕ್ಕೆ ಎಸೆಯುವಂತೆ ನಟಿಸಿದರು. ಬೆನ್ನಟ್ಟಿದವರು ಅರೆಕ್ಷಣ ನಿಂತರು, ಅಷ್ಟು ಸಾಕಾಯಿತು. ಈ ಟ್ರೈ ಎಲ್ಲರ ಬಾಯಲ್ಲೂ ಇದೆ. ಅದೇ ಪಂದ್ಯದಲ್ಲಿ ನೀಲ್ ಜೆಂಕಿನ್ಸ್ ಒದ್ದ ಐದು ಪೆನಾಲ್ಟಿಗಳ ಮಾತು ಯಾರೂ ಎತ್ತುವುದಿಲ್ಲ.

ಈಗ ಡರ್ಬನ್ ಲೆಕ್ಕ. ಟ್ರೈಗೆ 5, ಅದರ ನಂತರ ಕಂಬಗಳ ನಡುವೆ ಒದೆಯುವ ಕನ್ವರ್ಶನ್‌ಗೆ 2, ಎದುರಾಳಿಯ ತಪ್ಪಿಗೆ ಸಿಗುವ ಪೆನಾಲ್ಟಿ ಕಿಕ್ಕಿಗೂ, ಆಟದ ನಡುವೆಯೇ ಚೆಂಡನ್ನು ನೆಲಕ್ಕೆ ಬಿಟ್ಟು ಒದೆಯುವ ಡ್ರಾಪ್ ಗೋಲಿಗೂ 3. ಜೆಂಕಿನ್ಸ್ ಮತ್ತೆ ಐದು ಪೆನಾಲ್ಟಿ, 15. ಕೊನೆಯ ನಿಮಿಷಗಳಲ್ಲಿ ಜೆರೆಮಿ ಗಸ್ಕಾಟ್ ಡ್ರಾಪ್ ಗೋಲು, 18. ದಕ್ಷಿಣ ಆಫ್ರಿಕಾ ಮೂರು ಕನ್ವರ್ಶನ್, ಮೂರು ಪೆನಾಲ್ಟಿ, ಒಟ್ಟು ಆರು ಕಿಕ್ ತಪ್ಪಿಸಿತು. ಹಾನಿಬಾಲ್, ಮಾಂಟ್‌ಗೊಮೆರಿ, ಜೂಬೆರ್ ಮೂವರೂ ಒದ್ದು ನೋಡಿದರು. ಆರರಲ್ಲಿ ಯಾವ ಎರಡು ಹೋಗಿದ್ದರೂ ಕಡಿಮೆಯೆಂದರೆ 19. ಕಿಕ್ಕರ್ ಒಬ್ಬರನ್ನು ಗಟ್ಟಿ ಮಾಡಿಕೊಳ್ಳದೆ ಟೆಸ್ಟ್ ಆಡಿಸಿದ್ದು ಆಯ್ಕೆಗಾರರ ತಪ್ಪು. ಮೂರನೇ ಟೆಸ್ಟಿಗೆ ಯಾನಿ ಡಿ ಬೀರ್ ಬಂದು 13 ಅಂಕ ಒದ್ದರು, ದಕ್ಷಿಣ ಆಫ್ರಿಕಾ 35–16ಕ್ಕೆ ಗೆದ್ದಿತು. ಅಷ್ಟರಲ್ಲಿ ಸರಣಿ ಕೈಬಿಟ್ಟಿತ್ತು.

ಕನ್ವರ್ಶನ್ ಯಾಕೆ ತಪ್ಪುತ್ತದೆ ಅಂದರೆ, ಟ್ರೈಗೆ ಚೆಂಡು ನೆಲ ಮುಟ್ಟಿದ ಜಾಗದ ನೇರಕ್ಕೇ ಹಿಂದೆ ಬಂದು ಒದೆಯಬೇಕು. ಕಂಬಗಳ ನಡುವೆ 5.6 ಮೀಟರ್, ಅಡ್ಡಪಟ್ಟಿ 3 ಮೀಟರ್ ಎತ್ತರ. ಗೋಲಿನ ನಡುವಿನಿಂದ 30 ಮೀಟರ್ ಪಕ್ಕಕ್ಕೆ ಟ್ರೈ ಆಯಿತೆನ್ನಿ. 20 ಮೀಟರ್ ಹಿಂದೆ ಬಂದು ನಿಂತರೆ ಆ 5.6 ಮೀಟರ್ ಕಣ್ಣಿಗೆ ಸುಮಾರು 3 ಮೀಟರಿನಷ್ಟೇ. 30 ಮೀಟರ್ ಹಿಂದಾದರೆ 4ರ ಹತ್ತಿರ. ಆದರೆ ಒದೆಯುವ ದೂರ 36ರಿಂದ 42ಕ್ಕೆ ಏರುತ್ತದೆ. ಅದಕ್ಕೇ ಬುದ್ಧಿವಂತ ಆಟಗಾರ ಗೆರೆ ದಾಟಿದ ಮೇಲೂ ಪುರುಸೊತ್ತಿದ್ದರೆ ಕಂಬದ ಕಡೆ ನಾಲ್ಕು ಹೆಜ್ಜೆ ಓಡಿಯೇ ಚೆಂಡಿಡುವುದು.

ನಮ್ಮ ಕಡೆ ಹುಡುಗರು ಸುಮ್ಮನೆ ಎಂಟೆಂಟು ಜನ ಸೇರಿ ಸ್ಕ್ರಮ್ ಮಾಡಬಾರದು, ಕುಸಿದರೆ ಕುತ್ತಿಗೆಗೆ ಪೆಟ್ಟು. ಕೋಚ್ ಇಲ್ಲದಿದ್ದರೆ ಇಬ್ಬರು ಎದುರುಬದುರು ಭುಜ ಕೊಟ್ಟು, ಭುಜ ಸೊಂಟಕ್ಕಿಂತ ಕೆಳಗಿಳಿಯದಂತೆ, ಗಿಡ್ಡ ಹೆಜ್ಜೆಯಲ್ಲಿ ನಿಧಾನಕ್ಕೆ ತಳ್ಳಿ ನೋಡಿದರೆ ಸಾಕು. ಡ್ರಾಪ್ ಕಿಕ್ಕಿಗೆ ಮಾತ್ರ ಜೋಡಿ ಬೇಡ. ಚೆಂಡಿನ ಚೂಪು ತುದಿ ನೆಲಕ್ಕೆ, ಮೇಲಿನ ತುದಿ ತುಸು ನಿಮ್ಮ ಕಡೆಗೆ ವಾಲಿರಲಿ, ಎಸೆಯಬೇಡಿ, ಬಿಡಿ. ನೆಲ ಮುಟ್ಟಿ ಮೇಲೇಳುವ ಗಳಿಗೆಗೇ ಪಾದ ತಾಗಬೇಕು. ಆಷಾಢದ ಕೆಸರಲ್ಲಿ ಇದು ಆಗುವುದಿಲ್ಲ, ಚೆಂಡು ಪುಟಿಯದೆ ಹೂತು ಕೂರುತ್ತದೆ. ಕೊಯ್ಲಾಗಿ ಒಣಗಿದ ಗದ್ದೆ ಬಯಲು ಹುಡುಕಿ, ಕೂಳೆ ಇಲ್ಲದ ಜಾಗದಲ್ಲಿ ನಿಲ್ಲಿ.