ಚೀಲದ ಒಂದು ಕಿಲೋ

ನಮ್ಮ ಕಡೆ ಈಸ್ಟರಿಗೆ ಮುಂಚಿನ ವ್ರತದ ತಪಸ್ಸುಕಾಲ ಬರುವುದೂ ರೊಬಸ್ಟಾ ಕಾಫಿ ಕುಯ್ಲು ಮುಗಿಯುತ್ತ ಬರುವುದೂ ಹೆಚ್ಚುಕಡಿಮೆ ಒಟ್ಟಿಗೇ. ವ್ರತ ಶುರುವಾಗುವ ಬೂದಿ ಬುಧವಾರ ವಿರಾಜಪೇಟೆಯಲ್ಲಿ ಬೆಳಗಿನ ಪೂಜೆ ಮುಗಿಸಿ ತೋಟಕ್ಕೆ ಬಂದರೆ, ಹತ್ತು ಗಂಟೆಯೊಳಗೆ ಹಣೆಯ ಬೂದಿ ಬೆವರಿಗೆ ಇಳಿದು ಹುಬ್ಬು ಸೇರಿರುತ್ತದೆ. 40 ದಿನ ಮಾಂಸ ಬಿಡುವುದು ನನಗೆ ಅಂಥ ಕಷ್ಟವಲ್ಲ. ಕೊಡಗಿನಲ್ಲಿದ್ದುಕೊಂಡು ಹೀಗಂದರೆ ಯಾರೂ ನಂಬುವುದಿಲ್ಲ, ಗೊತ್ತು. ಮದುವೆಮನೆಯಲ್ಲಿ ಪಂದಿಕರಿ ಬೇಡ, ವ್ರತ ಅಂದರೆ, "ಹಾಗಾದ್ರೆ ಒಂದು ಪೆಗ್ಗಾದ್ರೂ ತಗೊಳ್ಳಿ" ಎಂದು ಪ್ರೀತಿಯಿಂದ ಮುಂದಿಡುತ್ತಾರೆ. ನಕ್ಕು ಕೈ ಮುಗಿದರೆ ಆಯಿತು. ನಾನು ಬಿದ್ದದ್ದು ಬೇರೆ ಕಡೆ.

ನಾನು ತೋಟದ ರೈಟರ್. ಕುಯ್ದ ಹಣ್ಣನ್ನು ಸಂಜೆ ತೂಗಿ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಕೂಲಿ ಕಿಲೋ ಲೆಕ್ಕ. ಖಾಲಿ ಗೋಣಿಗೂ ಅದಕ್ಕೆ ಹಿಡಿದ ಇಬ್ಬನಿಗೂ ಸೇರಿಸಿ ಚೀಲಕ್ಕೆ ಒಂದು ಕಿಲೋ ಕಳೆಯುವುದು ವಾಡಿಕೆ. ಆದರೆ ರಾತ್ರಿ ಕಳೆದು ಕಣದಲ್ಲಿ ಮತ್ತೆ ತೂಗುವಾಗ ಹಣ್ಣು ಸ್ವಲ್ಪ ಇಳಿದಿರುತ್ತದೆ. ವ್ಯತ್ಯಾಸ ಎಲ್ಲಿ ಹೋಯಿತು ಎಂದು ಕೇಳಿಸಿಕೊಳ್ಳಬೇಕಾದವನು ನಾನು. ಹೋದ ವರ್ಷ ಒಂದು ದಿನ ಚೆನ್ನಾಗಿ ಬೈಸಿಕೊಂಡೆ. ಮಾರನೆಯ ಸಂಜೆ ಚೀಲಕ್ಕೆ ಎರಡು ಕಿಲೋ ಕಳೆದು ಬರೆದೆ. ಯಾರೂ ಏನೂ ಹೇಳಲಿಲ್ಲ. ಕಣದ ಲೆಕ್ಕವೂ ಸರಿಬಂತು.

ಅದರ ಒಂದು ಪೈಸೆಯೂ ನನ್ನ ಜೇಬಿಗೆ ಬರಲಿಲ್ಲ. ಅದೇ ನನ್ನ ಸಮಾಧಾನವಾಗಿತ್ತು. ಮೋಸದ ತಕ್ಕಡಿ ದೇವರಿಗೆ ಹೇಸಿಗೆ ಎಂದು ಬೈಬಲಿನ ಜ್ಞಾನೋಕ್ತಿ ಗ್ರಂಥದಲ್ಲಿ ಓದಿದ್ದೆ. ನನ್ನ ತಕ್ಕಡಿ ಸರಿಯಾಗಿಯೇ ಇತ್ತಲ್ಲ, ಮೋಸ ಇದ್ದದ್ದು ಪುಸ್ತಕದಲ್ಲಿ. ರಾತ್ರಿ ಜಪಸರ ಹಿಡಿದರೆ ಬೆರಳು ಮಣಿಯಿಂದ ಮಣಿಗೆ ಹೋಗುತ್ತಿತ್ತು, ಬಾಯಿಯೂ ಹೇಳುತ್ತಿತ್ತು.

ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚಿನಲ್ಲಿ ಕೂತಾಗಲೆಲ್ಲ ನನಗೆ ಅದನ್ನು ಕಟ್ಟಿಕೊಂಡವರ ನೆನಪಾಗುತ್ತದೆ. 1784ರಲ್ಲಿ ಟಿಪ್ಪು ಸುಲ್ತಾನ್ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಅದು ಶುರುವಾದದ್ದು ಬೂದಿ ಬುಧವಾರವೇ ಎಂದು ನಮ್ಮ ಹಿರಿಯರು ಹೇಳುತ್ತಾರೆ. ತಪ್ಪಿಸಿಕೊಂಡು ಬಂದ ಕೆಲವರಿಗೆ ಕೊಡಗಿನ ಅರಸ ದೊಡ್ಡವೀರರಾಜೇಂದ್ರ ಇಲ್ಲಿ ನೆಲೆ ಕೊಟ್ಟ. ಚರ್ಚಿನ ಚರಿತ್ರೆ 1792ರಿಂದ ಎಣಿಕೆ. ಅಷ್ಟನ್ನೆಲ್ಲ ದಾಟಿ ವಿಶ್ವಾಸ ಉಳಿಸಿಕೊಂಡವರು ಅವರು. ನಾನು ಬರೀ ಬೈಗುಳಕ್ಕೆ ಹೆದರಿದವನು. ಅವರ ಮುಂದೆ ಯಾರೋ ಬಂದು ಧರ್ಮ ಬಿಡು ಎಂದಿದ್ದರು. ನನಗೆ ಯಾರೂ ಬಿಡು ಅನ್ನಲಿಲ್ಲ, ಅದಕ್ಕೇ ಬಿಟ್ಟದ್ದು ಗೊತ್ತಾಗಲಿಲ್ಲವೋ ಏನೋ.

ಗೊತ್ತಾದದ್ದು ಶುಕ್ರವಾರದ ಶಿಲುಬೆ ಹಾದಿಯಲ್ಲಿ. ಯೇಸು ಶಿಲುಬೆ ಹೊತ್ತು ನಡೆದದ್ದನ್ನು ಸ್ಥಳ ಸ್ಥಳವಾಗಿ ನೆನೆಯುವ ಪ್ರಾರ್ಥನೆ ಅದು. 14 ಸ್ಥಳಗಳಲ್ಲಿ ಯೇಸು ಮೂರು ಸಲ ಬೀಳುತ್ತಾರೆ: ಮೂರನೆಯದು, ಏಳನೆಯದು, ಒಂಬತ್ತನೆಯದು. ಈ ಬೀಳುವುದು ಬೈಬಲಿನ ಶುಭಸಂದೇಶದಲ್ಲಿಲ್ಲ, ಜನರ ಭಕ್ತಿ ಸೇರಿಸಿಕೊಂಡದ್ದು. ಸೇರಿಸಿದವರು ಯಾರೋ ಬದುಕು ಬಲ್ಲವರೇ. ಐದನೆಯ ಸ್ಥಳದಲ್ಲಿ ಸಿಮೋನ ಶಿಲುಬೆಗೆ ಹೆಗಲು ಕೊಡುತ್ತಾನೆ, ಆರನೆಯದರಲ್ಲಿ ವೆರೋನಿಕ ಮುಖ ಒರೆಸುತ್ತಾಳೆ, ಆಮೇಲೆಯೇ ಇನ್ನೂ ಎರಡು ಸಲ ಬೀಳುವುದು. ಸಹಾಯ ಸಿಕ್ಕಿದ ಮೇಲೆ! ಅವರು ಬಿದ್ದದ್ದು ಭಾರಕ್ಕೆ, ನಾನು ಬಿದ್ದದ್ದು ಭಯಕ್ಕೆ. ಆದರೂ ಒಂಬತ್ತನೆಯ ಸ್ಥಳದಲ್ಲಿ ಮೊಣಕಾಲೂರಿದವನಿಗೆ ಏಳಲಾಗಲಿಲ್ಲ.

ಪಾಪನಿವೇದನೆಯಲ್ಲಿ ಗುರುಗಳು ಕೇಳಿದ್ದು ಒಂದೇ: "ಎಷ್ಟಾಯಿತು?" ನಾನು ಜಪ ಎಷ್ಟು ಹೇಳಲಿ ಎಂದು ಕಾಯುತ್ತಿದ್ದೆ. ಅವರು ಶುಭಸಂದೇಶದ ಸುಂಕದವ ಜಕ್ಕಾಯನನ್ನು ನೆನಪಿಸಿದರು. ಯೇಸುವನ್ನು ನೋಡಲು ಹತ್ತಿದ್ದ ಮರದಿಂದ ಇಳಿದವನು, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕು ಪಟ್ಟು ಹಿಂದಿರುಗಿಸುತ್ತೇನೆ ಎಂದಿದ್ದ. "ನೀನು ಒಂದು ಪಟ್ಟಾದರೂ ಕೊಡು" ಎಂದರು. ಪುಸ್ತಕ ತೆಗೆದು ಕೂಡಿದೆ. 12 ದಿನ, ದಿನಕ್ಕೆ 60 ಚೀಲ, ಕಿಲೋಗೆ 5 ರೂಪಾಯಿ: 3,600. ಸಂಬಳದ ದಿನ ನನ್ನ ದುಡ್ಡಿನಿಂದಲೇ ಹಂಚಿದೆ, ತೂಕದಲ್ಲಿ ತಪ್ಪಾಗಿತ್ತು ಎಂದೆ. ತಪ್ಪು ಮಾಡಿದ್ದೆ ಎನ್ನಲು ನಾಲಗೆ ಬರಲಿಲ್ಲ. ಇಬ್ಬರು ಆಗಲೇ ಅಸ್ಸಾಮಿಗೆ ಹೊರಟುಹೋಗಿದ್ದರು. ಅವರ ಪಾಲಿನ ನೋಟುಗಳು ಈಗಲೂ ಆ ಪುಸ್ತಕದ ಹಾಳೆಗಳ ನಡುವೆ ಇವೆ.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಮರುಭೂಮಿಯಲ್ಲಿ ಯೇಸುವಿನ ಎದುರು ಸೋತ ಸೈತಾನ ಪೂರ್ತಿ ಹೋಗಲಿಲ್ಲ, ತಕ್ಕ ಸಮಯ ಬರಲಿ ಎಂದು ಬಿಟ್ಟುಹೋದ ಎಂದು ಶುಭಸಂದೇಶದಲ್ಲಿ ಲೂಕ ಬರೆಯುತ್ತಾನೆ. ನನಗೆ ಆ ಸಮಯ ಈ ವರ್ಷದ ಕುಯ್ಲಿನಲ್ಲೇ ಬಂತು. ಕಣದಲ್ಲಿ ಮತ್ತೆ ಅದೇ ವ್ಯತ್ಯಾಸ, ಅದೇ ಬೈಗುಳ. ಸಂಜೆ ಪೆನ್ನು ಹಿಡಿದಾಗ ಕೈಗೆ ಹಳೆಯ ದಾರಿ ನೆನಪಿತ್ತು.

ಕೊಕ್ಕೆಗೆ ಹಾಕಿದ ಚೀಲ ತೂಗಾಡುತ್ತಿತ್ತು. 48 ಎಂದು ತೋರಿಸಿತು. ಕೂಲಿಯವರ ಲೈನ್ ಮನೆಯ ಮುದುಕಿಯೊಬ್ಬಳು ಸೊಂಟದ ಮೇಲೆ ಕೈಯಿಟ್ಟು ಪಕ್ಕದಲ್ಲಿ ನಿಂತಿದ್ದಳು. ಹೋದ ವರ್ಷ ದುಡ್ಡು ಹಿಂದಕ್ಕೆ ಬಂದಾಗಿನಿಂದ ಅವಳು ಒಂದು ಸಂಜೆಯೂ ಇದನ್ನು ಕೇಳದೆ ಬಿಟ್ಟಿಲ್ಲ.

"ಗೋಣಿಗೆ ಎಷ್ಟು ಹಿಡಿದ್ರಿ, ರೈಟ್ರೇ?"

"ಒಂದು."

ಅವಳಿಗೆ ಓದಲು ಬರುವುದಿಲ್ಲ. ಆದರೂ ನಾನು 47 ಎಂದು ಬರೆದು ಮುಗಿಸುವವರೆಗೂ ಪುಸ್ತಕದ ಮೇಲಿಂದ ಕಣ್ಣು ತೆಗೆಯಲಿಲ್ಲ.