ಮರದ ನೆಲದ ಮೇಲೆ ಟರ್ನ್‌ಟೇಬಲ್

ರೆಕಾರ್ಡ್ ನುಡಿಸುವ ಟರ್ನ್‌ಟೇಬಲ್‌ಗೆ ನೆಲದ ಅಲುಗಾಟ ತಟ್ಟದಿರಲು ಅದರ ಕೆಳಗೆ ಏನು ಇಡಬೇಕು ಅಂತ ಕೇಳಿದರೆ ಹತ್ತು ಜನ ಹತ್ತು ಉತ್ತರ ಕೊಡುತ್ತಾರೆ. ಗ್ರಾನೈಟ್ ಚಪ್ಪಡಿ, ರಬ್ಬರ್ ಗುಂಡು, ಸ್ಪ್ರಿಂಗ್, ಗಾಳಿ ತುಂಬಿದ ಸೈಕಲ್ ಟ್ಯೂಬ್. ಯಾರೂ ಸುಳ್ಳು ಹೇಳುತ್ತಿಲ್ಲ. ಅವರವರ ಮನೆಯಲ್ಲಿ ಅದು ಕೆಲಸ ಮಾಡಿರುತ್ತದೆ. ಆದರೆ ಮೊದಲು ವಿಚಾರಿಸಬೇಕಾದ್ದು ನಮ್ಮ ಮನೆಯ ನೆಲವನ್ನು. ಹೋದ ಅಡಿಕೆ ಸುಗ್ಗಿಯಲ್ಲಿ ಒಂದು ಭಾನುವಾರ ಪೂರ್ತಿ ನಾವು ಅದನ್ನೇ ಮಾಡಿದೆವು.

ನಮ್ಮದು ಸಾಗರದ ಕಡೆಯ ಹಳೆಯ ಹೆಂಚಿನ ಮನೆ. ಒಂದೂವರೆ ಅಡಿ ದಪ್ಪದ ಜಂಬಿಟ್ಟಿಗೆ ಗೋಡೆ. ಮೇಲೆ ಮೆತ್ತು, ಅಂದರೆ ತೊಲೆಗಳ ಮೇಲೆ ಹಲಗೆ ಹಾಸಿದ ಮಹಡಿ. ನಾನು ಹಾಡು ಕೇಳುವುದು ಅಲ್ಲೇ. ನನ್ನ ಹತ್ತಿರ ಇರುವುದು ಟೆಕ್ನಿಕ್ಸ್ ಎಸ್‌ಎಲ್-1200 ಮಾರ್ಕ್ 2. 1979ರಲ್ಲಿ ಬಂದ ಮಾದರಿ, ಸುಮಾರು 12 ಕಿಲೋ ತೂಗುವ ಗಟ್ಟಿ ಯಂತ್ರ. ಆದರೂ ಯಾರಾದರೂ ಏಣಿ ಹತ್ತಿ ಒಳಗೆ ಕಾಲಿಟ್ಟರೆ ಮುಳ್ಳು ಹಾರುತ್ತಿತ್ತು. ಹಾರದಿದ್ದರೂ ವೂಫರಿನ (ಸ್ಪೀಕರಿನಲ್ಲಿ ತಗ್ಗು ಸ್ವರ ನುಡಿಸುವ ಭಾಗ) ಕೋನ್ ಸುಮ್ನೆ ಒಳಗೆ ಹೊರಗೆ ಅಲೆಯುತ್ತಿತ್ತು. ಮಲ್ಲಿಕಾರ್ಜುನ ಮನ್ಸೂರರ ಎಲ್‌ಪಿ ಹಾಕಿದರೆ ತಂಬೂರಿಯ ಕೆಳಗೆ ಒಂದು ಮಬ್ಬು ಕೂತುಬಿಡುತ್ತಿತ್ತು. ಆ ಗಾಯನದಲ್ಲಿ ಸ್ವರದ ಅಂಚು ಕಾಣದಿದ್ದರೆ ಉಳಿಯುವುದೇನು?

ಮುಳ್ಳು ಓದುವ ಅಲುಗಾಟ ಮೈಕ್ರಾನ್ ಲೆಕ್ಕದ್ದು. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಈ ಅಲುಗಾಟ ರೆಕಾರ್ಡಿನ ಗೆರೆಯಿಂದ ಬಂತೋ ನೆಲದಿಂದ ಬಂತೋ ಅನ್ನುವುದು ಮುಳ್ಳಿಗೆ ಗೊತ್ತಾಗುವುದಿಲ್ಲ. ಇದರ ಜೊತೆಗೆ ಇನ್ನೊಂದು ತೊಡಕಿದೆ. ಟೋನ್‌ಆರ್ಮ್ (ಮುಳ್ಳನ್ನು ಹಿಡಿದ ತೋಳು) ಮತ್ತು ಕಾರ್ಟ್ರಿಡ್ಜ್ (ಅದರ ತುದಿಯಲ್ಲಿ ಮುಳ್ಳು ಕೂತಿರುವ ಪುಟ್ಟ ಭಾಗ) ಸೇರಿ ತಮ್ಮದೇ ಒಂದು ಲಯದಲ್ಲಿ ತೂಗುತ್ತವೆ. ಸಾಮಾನ್ಯವಾಗಿ ಅದು 8ರಿಂದ 12 ಹರ್ಟ್ಜ್, ಅಂದರೆ ಸೆಕೆಂಡಿಗೆ 8ರಿಂದ 12 ಸಲ, ಇದರ ನಡುವೆ ಇರುವಂತೆ ನೋಡಿಕೊಳ್ಳುತ್ತಾರೆ. ಸೊಟ್ಟ ರೆಕಾರ್ಡಿನ ಏರಿಳಿತ ಅದಕ್ಕಿಂತ ಕೆಳಗೆ, ಸಂಗೀತ ಅದಕ್ಕಿಂತ ಮೇಲೆ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಮರದ ನೆಲವೂ ಎಷ್ಟೋ ಸಲ ಸರಿಯಾಗಿ ಅದೇ ಜಾಗದಲ್ಲಿ ಕುಣಿಯುತ್ತದೆ. ಉಯ್ಯಾಲೆಯನ್ನು ಅದರ ಲಯ ನೋಡಿಕೊಂಡು ತಳ್ಳಿದ ಹಾಗೆ, ಸಣ್ಣ ಹೆಜ್ಜೆಯೂ ಆರ್ಮ್‌ನಲ್ಲಿ ದೊಡ್ಡದಾಗುತ್ತದೆ.

ಆ ಭಾನುವಾರ ಬೆಂಗಳೂರಿನಿಂದ ನನ್ನ ತಮ್ಮ ತನ್ನ ಮಗಳನ್ನು ಕರೆದುಕೊಂಡು ಬಂದಿದ್ದ. ಮೆತ್ತಿನ ಎರಡು ಹಲಗೆ ಬದಲಿಸಲು ಆಚಾರ್ರೂ ಬಂದಿದ್ದರು. ತಮ್ಮ ತನ್ನ ಫೋನಿಗೆ ಫೈಫಾಕ್ಸ್ ಹಾಕಿಕೊಂಡಿದ್ದ. ಜರ್ಮನಿಯ ಆಕನ್ ನಗರದ ತಾಂತ್ರಿಕ ವಿಶ್ವವಿದ್ಯಾಲಯದವರು ಮಾಡಿದ ಉಚಿತ ಆ್ಯಪ್ ಅದು. ಫೋನಿನೊಳಗಿನ ಸೆನ್ಸರ್ ಬಳಸಿ, ಅಲುಗಾಟ ಯಾವ ಹರ್ಟ್ಜ್‌ನಲ್ಲಿ ಜಾಸ್ತಿ ಎಂದು ತೋರಿಸುತ್ತದೆ. ಫೋನನ್ನು ಕೋಣೆಯ ನಡುವೆ ಇಟ್ಟು ಮಗಳಿಗೆ ನಡೆಯಲು ಹೇಳಿದ. ಅವಳು ನಡೆಯುವ ಬದಲು ಕುಣಿದಳು. ಅದು ಇನ್ನೂ ಒಳ್ಳೆಯದೇ ಆಯಿತು. 11 ಹರ್ಟ್ಜ್ ಹತ್ತಿರ ಎತ್ತರದ ಗೆರೆಯೊಂದು ಎದ್ದು ನಿಂತಿತು.

ಇದನ್ನು ನೋಡುತ್ತಿದ್ದ ಆಚಾರ್ರು, "ಹೆಗಡೇರೇ, ತೊಲೆ ಈ ಗೋಡೆಯಿಂದ ಆ ಗೋಡೆಗೆ ಹೋಗಿದೆ. ನಡುವೆ ಕಂಬ ಇಲ್ಲ. ಅಲ್ಲಿ ಕುಣೀದೇ ಇನ್ನೆಲ್ಲಿ ಕುಣಿಯತ್ತೆ?" ಎಂದರು. ಫೋನನ್ನು ಗೋಡೆಯ ಬದಿಗೆ, ತೊಲೆಯ ತುದಿಯ ಮೇಲೆ ಇಡಲು ಹೇಳಿದ್ದೂ ಅವರೇ. ಗೆರೆ ತುಂಬ ಇಳಿಯಿತು. ಕಿಟಕಿಯ ಕಟ್ಟೆ ಮೇಲೆ ಇಟ್ಟಾಗಲಂತೂ ಸೆನ್ಸರಿನ ಸ್ವಂತ ಗದ್ದಲ ಬಿಟ್ಟರೆ ಬೇರೇನೂ ಕಾಣಲಿಲ್ಲ.

ಇನ್ನು ಪ್ಲಾಟ್‌ಫಾರ್ಮ್, ಅಂದರೆ ಟರ್ನ್‌ಟೇಬಲ್ ಕೆಳಗೆ ಇಡುವ ಸ್ಪ್ರಿಂಗಿನ ಮಣೆಯ ವಿಚಾರ. ಊಟ ಆದಮೇಲೆ ಕೂತು ಲೆಕ್ಕ ಹಾಕಿದೆವು. ಲೆಕ್ಕ ಬಹಳ ಸುಲಭ. ತೂಕ ಇಟ್ಟಾಗ ಸ್ಪ್ರಿಂಗ್ 1 ಸೆಂ.ಮೀ. ತಗ್ಗಿದರೆ ಅದರ ಲಯ 5 ಹರ್ಟ್ಜ್. ಎರಡೂವರೆ ಸೆಂ.ಮೀ. ತಗ್ಗಿದರೆ ಸುಮಾರು 3 ಹರ್ಟ್ಜ್. ಆ ಲಯದ 1.4 ಪಟ್ಟಿಗಿಂತ ಮೇಲಿನ ಅಲುಗಾಟವನ್ನಷ್ಟೇ ಅದು ತಡೆಯುತ್ತದೆ. ಅದಕ್ಕಿಂತ ಕೆಳಗೆ ತಡೆಯುವುದು ಹಾಗಿರಲಿ, ಜಾಸ್ತಿ ಮಾಡುತ್ತದೆ.

ಇದನ್ನು ತಿಳಿದುಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. ತೆಳ್ಳನೆಯ ರಬ್ಬರ್ ಪ್ಯಾಡ್ 1 ಮಿ.ಮೀ. ತಗ್ಗಿತು ಅಂದುಕೊಳ್ಳಿ. ಅದರ ಲಯ 16 ಹರ್ಟ್ಜ್ ಹತ್ತಿರ ಬರುತ್ತದೆ. ನಮ್ಮ ನೆಲದ್ದು 11. ಅಂದರೆ ಪ್ಯಾಡ್ ಇಟ್ಟರೆ ನಮ್ಮ ಮೆತ್ತಿನ ಕುಣಿತ ಇನ್ನೂ ಹೆಚ್ಚಾಗಿ ಮೇಲೆ ಹೋಗುತ್ತದೆ! ಕೈಗೆ ಮೆತ್ತಗೆ ಅನಿಸಿದ್ದೆಲ್ಲ ಕಂಪನ ತಡೆಯುತ್ತದೆ ಎಂದು ಅಂಗಡಿಯವರು ಹೇಳುವುದನ್ನು ನಾನು ಇನ್ನು ನಂಬುವುದಿಲ್ಲ. ಸೊರ್ಬೊಥೇನ್ ಎಂಬ ರಬ್ಬರಿನಂಥ ಮೆತ್ತನೆಯ ವಸ್ತುವಿನ ಗುಂಡುಗಳಿಗೂ ಇಂತಿಷ್ಟು ತೂಕ ಎಂಬ ಮಿತಿ ಇದೆ. ಕಡಿಮೆ ಭಾರ ಬಿದ್ದರೆ ಅವು ಕಲ್ಲಿನಂತೆ ಕೂರುತ್ತವೆ, ಜಾಸ್ತಿಯಾದರೆ ಚಪ್ಪಟೆಯಾಗುತ್ತವೆ. ಗ್ರಾನೈಟ್ ಚಪ್ಪಡಿ ಒಂದನ್ನೇ ಇಟ್ಟರೆ ಅದು ನೆಲದ ಜೊತೆಗೇ ಏರಿಳಿಯುತ್ತದೆ, ಅಷ್ಟೇ.

3 ಹರ್ಟ್ಜ್ ಸ್ಪ್ರಿಂಗ್ ಆದರೆ 11 ಹರ್ಟ್ಜ್ ಅಲುಗಾಟವನ್ನು ಹತ್ತರಲ್ಲಿ ಒಂದು ಪಾಲಿಗಿಂತ ಕೆಳಗೆ ಇಳಿಸುತ್ತದೆ. ಟೌನ್‌ಶೆಂಡ್ ಕಂಪನಿಯವರ ಸ್ಪ್ರಿಂಗ್ ಪ್ಲಾಟ್‌ಫಾರ್ಮ್‌ಗಳು ಈ ದಾರಿಯವು. ನನಗೂ ಆಸೆಯಾಗಿತ್ತು. ಆದರೆ ಮನುಷ್ಯ ನಡೆಯುವುದು ಸೆಕೆಂಡಿಗೆ ಸುಮಾರು 2 ಹೆಜ್ಜೆ. ಅದು 3ಕ್ಕೆ ತೀರಾ ಹತ್ತಿರ. ಜಗ್ಗುವ ನೆಲದ ಮೇಲೆ ಜಗ್ಗುವ ಪ್ಲಾಟ್‌ಫಾರ್ಮ್ ಇಟ್ಟರೆ ಇಡೀ ಟರ್ನ್‌ಟೇಬಲ್ ನಿಧಾನವಾಗಿ ತೂಗಾಡಲು ಶುರು ಮಾಡುತ್ತದೆ. ಥೋರೆನ್ಸ್ ಟಿಡಿ 160, ಲಿನ್ ಎಲ್‌ಪಿ12 ಟರ್ನ್‌ಟೇಬಲ್ ಇರುವವರು ಇನ್ನೂ ಎಚ್ಚರ ವಹಿಸಬೇಕು. ಅವುಗಳ ಒಳಗೇ ಸ್ಪ್ರಿಂಗ್ ಇದೆ. ಎಡ್ಗರ್ ವಿಲ್ಚರ್ 1961ರಲ್ಲಿ ಅಕೌಸ್ಟಿಕ್ ರಿಸರ್ಚ್ ಟರ್ನ್‌ಟೇಬಲ್‌ನಲ್ಲಿ ತಂದ ಮೂರು ಸ್ಪ್ರಿಂಗಿನ ಆ ಚಂದದ ಉಪಾಯವೇ ಅವುಗಳಲ್ಲೂ ಇರುವುದು. ಅದರ ಕೆಳಗೆ ಇನ್ನೊಂದು ಸ್ಪ್ರಿಂಗ್ ಇಟ್ಟರೆ ಎರಡೂ ಒಂದಕ್ಕೊಂದು ಜಗಳಕ್ಕೆ ನಿಲ್ಲುತ್ತವೆ.

ನಮ್ಮಲ್ಲಿ ಇನ್ನೂ ಒಂದು ವಿಷಯ ಇತ್ತು. ಸುಗ್ಗಿ ಮುಗಿದ ಮೇಲೆ ಅಡಿಕೆ ಮೂಟೆಗಳು ಏರುವುದು ಅದೇ ಮೆತ್ತಿಗೆ. ನೆಲದ ಮೇಲೆ ಭಾರ ಬಿದ್ದರೆ ನೆಲದ ಲಯ ಕೆಳಗಿಳಿಯುತ್ತದೆ. ಇವತ್ತು 11 ಇದ್ದದ್ದು ಮೂಟೆ ಪೇರಿಸಿದ ಮೇಲೆ ಎಷ್ಟಾಗುತ್ತದೋ. ಅಡಿಕೆ ಮಾರಿದ ಮೇಲೆ ಮತ್ತೆ ಮೇಲೇರುತ್ತದೆ. ಹೀಗೆ ಬದಲಾಗುವ ನೆಲಕ್ಕೆ ಅಳತೆ ಮಾಡಿ ಪ್ಲಾಟ್‌ಫಾರ್ಮ್ ತರುವುದು ಹೇಗೆ?

ಹಾಗಾಗಿ ನೆಲವನ್ನೇ ಬಿಟ್ಟೆವು. ಗೋಡೆಗೆ ಹೋದೆವು. ಜಂಬಿಟ್ಟಿಗೆಯಲ್ಲಿ ಪ್ಲಗ್ ಹೊಡೆದು ಸ್ಕ್ರೂ ಹಾಕಿದರೆ ನಿಲ್ಲುವುದಿಲ್ಲ, ಪುಡಿಯಾಗಿ ಉದುರುತ್ತದೆ. ಆಚಾರ್ರು ಗೋಡೆಯ ಆರಪಾರ ಉದ್ದದ ಬೋಲ್ಟ್ ಹಾಕಿಸಿದರು. ಹೊರಗಡೆ ಕಬ್ಬಿಣದ ಪಟ್ಟಿ, ಒಳಗಡೆ ಎರಡು ಆ್ಯಂಗಲ್. ಅದರ ಮೇಲೆ ದಪ್ಪನೆಯ ಹಲಸಿನ ಹಲಗೆ. ಭಾರದ ಚಪ್ಪಡಿ ಬೇಡ ಅಂದೆ. ಆ್ಯಂಗಲ್ ಮೇಲೆ ತೂಕ ಏರಿಸಿದಷ್ಟೂ ಅದು ಬಾಗಿ ತೂಗುವ ಲಯ ಕೆಳಗಿಳಿಯುತ್ತದೆ. ಗೋಡೆ ಗಟ್ಟಿಯಿದ್ದಾಗ ಹಲಗೆ ಹಗುರವಾಗಿ, ಬಿಗಿಯಾಗಿ ಇದ್ದರೆ ಸಾಕು. ರಸಮಟ್ಟ ಇಟ್ಟು ಎರಡೂ ಕಡೆ ಸಮ ಮಾಡಿದೆವು. ಸ್ಪೀಕರುಗಳನ್ನು ಎದುರು ಗೋಡೆಯ ಹತ್ತಿರ ಸರಿಸಿದೆವು. ಗಾಳಿಯಲ್ಲಿ ಬರುವ ಶಬ್ದಕ್ಕೆ ಯಾವ ಪ್ಲಾಟ್‌ಫಾರ್ಮೂ ಅಡ್ಡ ಬರುವುದಿಲ್ಲವಲ್ಲ.

ಆಮೇಲೆ ನಿಂತ ರೆಕಾರ್ಡಿನ ಮೇಲೆ ಮುಳ್ಳು ಇಳಿಸಿ, ವಾಲ್ಯೂಮ್ ಏರಿಸಿ, ಮಗಳಿಗೆ ಮತ್ತೆ ಕುಣಿಯಲು ಹೇಳಿದೆವು. ಸ್ಪೀಕರಿನಲ್ಲಿ ಹೆಜ್ಜೆ ಕೇಳಲಿಲ್ಲ. ವೂಫರ್ ನಿಂತಲ್ಲೇ ನಿಂತಿತ್ತು. ಮನ್ಸೂರರನ್ನು ಹಾಕಿದಾಗ ತಂಬೂರಿಯ ನಾಲ್ಕು ತಂತಿ ಬೇರೆ ಬೇರೆಯಾಗಿ ಕೇಳಿದವು. ನನಗೆ ಅಷ್ಟು ಸಂತೋಷವಾದದ್ದು ಬಹಳ ದಿನಗಳ ಮೇಲೆ.

ತಮ್ಮನೂ ತನ್ನ ಫ್ಲ್ಯಾಟಿನಲ್ಲಿ ಇದನ್ನೇ ಮಾಡುತ್ತೇನೆ ಎಂದ. ಬೇಡ ಅಂದೆ. ಅವನದು ಕಾಂಕ್ರೀಟ್ ನೆಲ, ನಡೆದರೆ ಜಗ್ಗುವುದಿಲ್ಲ. ಗೋಡೆಯೇ ತೆಳು, ಅದರ ಆಚೆ ವಾಷಿಂಗ್ ಮಷೀನ್. ಅದು ಬಟ್ಟೆ ಹಿಂಡುವಾಗ ನಿಮಿಷಕ್ಕೆ 1000 ಸುತ್ತು, ಅಂದರೆ ಸುಮಾರು 17 ಹರ್ಟ್ಜ್. ಅಲ್ಲಿ ಮೂರು ಹರ್ಟ್ಜ್ ಸ್ಪ್ರಿಂಗ್ ಪ್ಲಾಟ್‌ಫಾರ್ಮೇ ಸರಿ. ಆ ಗದ್ದಲ ಮೂವತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಕೊಳ್ಳುವ ಮೊದಲು ಟರ್ನ್‌ಟೇಬಲ್‌ನ ಒಟ್ಟು ತೂಕ ನೋಡು, ಆಮೇಲೆ ಒಂದೊಂದು ಮೂಲೆಯ ತೂಕವನ್ನೂ ನೋಡು, ಮೋಟಾರು ಟ್ರಾನ್ಸ್‌ಫಾರ್ಮರ್ ಇರುವ ಕಡೆ ಜಾಸ್ತಿ ಭಾರ ಇರುತ್ತದೆ ಎಂದೆ. ಬೆಂಗಳೂರಿಗೆ ಹೋದವನು ಮರುದಿನವೇ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನಾಲ್ಕೂ ಅಂಕಿ ಕಳಿಸಿದ. ಈಗ ಅದಕ್ಕೆ ತಕ್ಕ ಸ್ಪ್ರಿಂಗ್ ಹುಡುಕುತ್ತಿದ್ದೇವೆ.