ಅವ್ವನ ಮುಂದೆ ನಿಂತ ಬುಟ್ಟಿ

ಹೋದ ಶನಿವಾರ ಅವ್ವನನ್ನು ಕರಕೊಂಡು ‘ಜೋಕುಮಾರಸ್ವಾಮಿ’ ನಾಟಕ ನೋಡಿ ಬಂದೆ. ಬೆಂಗಳೂರಿನ ಒಂದು ಪುಟ್ಟ ಸಭಾಂಗಣ, ಎಂಬತ್ತು ಜನ ಹಿಡಿಸಿದರೆ ಹೆಚ್ಚು. ಜನ ಸುತ್ತಲೂ, ಆಟ ನಡುವೆ. ಮುಂದೆ ಜಮಖಾನ, ಹಿಂದೆ ಎರಡು ಸಾಲು ಕುರ್ಚಿ. ಅವ್ವನಿಗೆ ಮೊಣಕಾಲು ನೋವು, ಹಾಗಾಗಿ ನಟರು ಬಂದು ಹೋಗುವ ದಾರಿಯ ಪಕ್ಕದ ಕುರ್ಚಿ ಹಿಡಿದೆವು.

ನಾನು ಹವ್ಯಾಸಿ ತಂಡವೊಂದಕ್ಕೆ ಹನ್ನೆರಡು ವರ್ಷದಿಂದ ಲೈಟಿಂಗ್ ಮಾಡುತ್ತಿದ್ದೇನೆ. ಒಳಗೆ ಕಾಲಿಟ್ಟ ಕೂಡಲೇ ತಲೆಯೆತ್ತಿ ನೋಡುವುದು ರೂಢಿ. ಸುತ್ತ ಜನ ಕೂತಾಗ ಈ ಬದಿಯಿಂದ ಬಿಟ್ಟ ಬೆಳಕು ನಟನನ್ನು ದಾಟಿ ಆ ಬದಿಯವರ ಕಣ್ಣಿಗೇ ಹೊಡೆಯುತ್ತದೆ. ನೆತ್ತಿಯ ಮೇಲಿಂದ ಬಿಟ್ಟರೆ ಕಣ್ಣಗುಳಿಯಲ್ಲಿ ನೆರಳು ಕೂರುತ್ತದೆ. ಇಲ್ಲಿ ನೆಲಕ್ಕೆ ತಿಳಿಬಣ್ಣದ ಚಾಪೆ ಹಾಸಿ, ಅದರಿಂದ ಪುಟಿದ ಬೆಳಕಿನಲ್ಲೇ ಮುಖ ಕಾಣಿಸಿದ್ದರು. ಎದ್ದು ಹೋಗಿ ಲೈಟಿಂಗ್ ಮಾಡಿದ ಹುಡುಗನ ಕೈ ಕುಲುಕಬೇಕು ಅನ್ನಿಸಿತು.

ಚಂದ್ರಶೇಖರ ಕಂಬಾರರ ಈ ನಾಟಕವನ್ನು 1972ರಲ್ಲಿ ಬಿ. ವಿ. ಕಾರಂತರು ಬೆಂಗಳೂರಿನಲ್ಲಿ ಬಯಲಲ್ಲೇ ಆಡಿಸಿದ್ದರು. ಉಳುವವನಿಗೆ ಭೂಮಿ ಕೊಟ್ಟ ಕಾನೂನು ಜಾರಿಯಾಗಿದ್ದು 1974ರ ಮಾರ್ಚಿನಲ್ಲಿ. ಅಂದರೆ ‘ಹೊಲ ನನ್ನದು’ ಎಂದು ನಾಟಕದ ರೈತ ಬಸಣ್ಣ ಊರ ಗೌಡನ ಬಂದೂಕಿನ ಎದುರು ನಿಂತಾಗ ಆ ಮಾತಿಗೆ ಕಾನೂನಿನ ಆಸರೆ ಇನ್ನೂ ಬಂದಿರಲಿಲ್ಲ. ನಮ್ಮಜ್ಜ ಗೇಣಿ ಹೊಲ ಮಾಡಿದವನು. ಬಸಣ್ಣನ ಮಾತು ಬಂದಾಗಲೆಲ್ಲ ಅವ್ವ ನನ್ನ ಮುಂಗೈ ಹಿಡಿಯುತ್ತಿದ್ದಳು.

ಗೌಡ್ತಿ ಪಡವಲಕಾಯಿ ಹೆಚ್ಚುವ ದೃಶ್ಯ ನಮ್ಮಿಂದ ಮೂರು ಮಾರು ದೂರದಲ್ಲಿ ನಡೆಯಿತು. ನಿಜವಾದ ಕಾಯಿ, ನಿಜವಾದ ಈಳಿಗೆ. ಹೆಚ್ಚಿದ ಹೋಳಿನ ಹಸಿ ವಾಸನೆ ಬಂತು. ಮಕ್ಕಳಿಲ್ಲದ ಹೆಂಗಸು ಮಗುವಾಗಲೆಂದು ಗಂಡನಿಗೆ ಮಾಡಿದ ಆ ಪಲ್ಯ ಬಸಣ್ಣನ ಪಾಲಾಗುತ್ತದೆ ಎಂದು ಗೊತ್ತಿದ್ದೂ, ಅವಳ ಬೆರಳುಗಳನ್ನು ಅಷ್ಟು ಹತ್ತಿರದಿಂದ ನೋಡುವಾಗ ಹೊಟ್ಟೆ ಕಿವುಚಿತು. ಆಚೆ ಬದಿಯ ಜನರ ಮುಖಗಳೂ ಅದೇ ಬೆಳಕಿನಲ್ಲಿದ್ದವು. ಒಬ್ಬ ಹುಡುಗಿ ಬಾಯಿ ಮುಚ್ಚಿಕೊಂಡಿದ್ದಳು.

ಒಂದು ಕೊರತೆ ಹೇಳಲೇಬೇಕು. ಗೌಡ ನಮಗೆ ಬೆನ್ನು ಹಾಕಿದಾಗಲೆಲ್ಲ ಅವನ ಮಾತಿನ ಅರ್ಧ ಆಚೆಯವರ ಪಾಲಾಯಿತು. ಸುತ್ತಿನಲ್ಲಿ ಆಡುವಾಗ ನಟ ಒಂದೇ ಕಡೆ ನೆಲೆ ನಿಲ್ಲಬಾರದು, ಓರೆಯಾಗಿ ನಡೆಯುತ್ತಿರಬೇಕು. ಇನ್ನು ನಾಲ್ಕು ಪ್ರಯೋಗ ಆದರೆ ಸರಿಹೋದೀತು.

ಆದರೆ ನಾನು ಬರೆಯಲು ಕೂತದ್ದು ಮೊದಲ ಹತ್ತು ನಿಮಿಷದ ಬಗ್ಗೆ. ಪೂಜೆ ಮುಗಿದ ಮೇಲೆ ಹಿಮ್ಮೇಳದ ಹೆಣ್ಣುಮಗಳೊಬ್ಬಳು ಬೇವಿನ ಸೊಪ್ಪು ತುಂಬಿದ ಬುಟ್ಟಿ ಹೊತ್ತು, ಪದ ಹಾಡುತ್ತ ನಮ್ಮ ನಡುವೆ ಸುತ್ತು ಬಂದಳು. ಸೊಪ್ಪಿನ ನಡುವೆ ಮಳೆ-ಬೆಳೆಯ ದೇವರು ಜೋಕುಮಾರನ ಮಣ್ಣಿನ ಮೂರ್ತಿ, ತುಟಿಗೆ ಬೆಣ್ಣೆ. ಭಾದ್ರಪದದಲ್ಲಿ ಗಣಪತಿ ಹಬ್ಬದ ಬೆನ್ನಿಗೇ ಗದಗಿನ ಕಡೆ ನಮ್ಮೂರಲ್ಲಿ ಹೀಗೇ ಬರುತ್ತಿದ್ದರು, ಅವ್ವ ಮೊರ ತುಂಬ ಜೋಳ ಹಾಕುತ್ತಿದ್ದಳು. ಬುಟ್ಟಿ ನಮ್ಮ ಕುರ್ಚಿಯ ಹತ್ತಿರ ಬಂದಾಗ ಅವ್ವ ಚೀಲಕ್ಕೆ ಕೈ ಹಾಕಿದಳು. ನಾನು ಮೆಲ್ಲಗೆ, ‘ಅವ್ವಾ, ಇದು ನಾಟಕ’ ಅಂದೆ.

‘ಮುಂದ ಬಂದು ನಿಂತಾನ, ಬರಿಗೈಲೆ ಕಳಸೂದೇನು?’

ಇಪ್ಪತ್ತು ರೂಪಾಯಿ ನೋಟು ಸೊಪ್ಪಿನ ಮೇಲೆ ಇಟ್ಟಳು. ಹಾಡುತ್ತಿದ್ದವಳು ಒಂದು ಗಳಿಗೆ ತಡೆದಳು. ಪದ ಬಿಡಲಿಲ್ಲ. ಬಗ್ಗಿ ಒಂದು ಎಸಳು ಬೇವು ಮುರಿದು ಅವ್ವನ ಅಂಗೈಗೆ ಇಟ್ಟು ಮುಂದೆ ಹೋದಳು.

ನಾಟಕ ಮುಗಿದು ಆಟೋದಲ್ಲಿ ಬರುವಾಗಲೂ ಅದು ಅವ್ವನ ಮುಷ್ಟಿಯಲ್ಲೇ ಇತ್ತು. ಊರಲ್ಲಾದರೆ ಹೊಲಕ್ಕೆ ಒಯ್ಯುತ್ತಿದ್ದಳು. ಮನೆಗೆ ಬಂದು ಅಕ್ಕಿ ಡಬ್ಬಿ ತೆಗೆದು ಒಳಗಿಟ್ಟಳು.